ಶವರ್ ತೊಟ್ಟಿಕ್ಕುವುದೇಕೆ, ಮನೆಯಲ್ಲೇ ಸರಿಪಡಿಸುವುದು ಹೇಗೆ

ಬೇಸಿಗೆಯಲ್ಲಿ ನಲ್ಲಿ ನೀರು ಬರುವ ದಿನಗಳ ಅಂತರ ಹಿಗ್ಗಿದಂತೆ ದಾವಣಗೆರೆ, ಚಿತ್ರದುರ್ಗದ ಮನೆಗಳ ಸಂಪಿಗೆ ಕೊಳವೆಬಾವಿ ನೀರೋ ಟ್ಯಾಂಕರ್ ನೀರೋ ಬಂದು ಸೇರುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಶವರ್ ಆಮೇಲೆ ತೊಟ್ಟಿಕ್ಕತೊಡಗುತ್ತದೆ. ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ತಿರುವಿದರೆ ಎರಡು ದಿನ ನಿಂತಂತಾಗುತ್ತದೆ, ಮೂರನೇ ದಿನ ಮತ್ತೆ ಅದೇ ರಾಗ. ಇಷ್ಟು ಸಣ್ಣ ಕೆಲಸಕ್ಕೆ ಪ್ಲಂಬರ್ ಬೇಗ ಸಿಗುವುದೂ ಇಲ್ಲ.

ಹನಿ ಸಣ್ಣದಾದರೂ ಲೆಕ್ಕ ಸಣ್ಣದಲ್ಲ. ಸುಮಾರು 20 ಹನಿ ಸೇರಿದರೆ 1 ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯೆಂದರೆ ದಿನಕ್ಕೆ 86,400 ಹನಿ, ಅಂದರೆ ನಾಲ್ಕು ಲೀಟರಿಗೂ ಮೇಲೆ. ತಿಂಗಳಿಗೆ ಸುಮಾರು 130 ಲೀಟರ್. ಸೋರುತ್ತಿರುವುದು ಬಿಸಿನೀರಿನ ಕಡೆಯಿಂದಾದರೆ ಅದನ್ನು ಕಾಯಿಸಿದ ಕರೆಂಟೂ ಅದರ ಜೊತೆಗೇ ಮೋರಿಗೆ ಹೋಗುತ್ತದೆ.

ಕೆಲಸ ಕಷ್ಟದ್ದೇನಲ್ಲ. ಆದರೆ ಅಂಗಡಿಗೆ ಓಡುವ ಮೊದಲು ಎರಡು ಸಂಗತಿ ಗೊತ್ತಾಗಬೇಕು: ಯಾವ ವಾಲ್ವ್ ಸೋರುತ್ತಿದೆ, ಅದು ಯಾವ ಬಗೆಯದು. ಇವೆರಡು ಗೊತ್ತಿಲ್ಲದೆ ಸ್ಪ್ಯಾನರ್ ಹಿಡಿದವರೇ ಕೊನೆಗೆ ಟೈಲ್ಸ್ ಒಡೆಸುವುದು.

ನಿಜವಾಗಿ ಸೋರುತ್ತಿದೆಯೇ?

ಸ್ನಾನ ಮುಗಿಸಿ ಹಿಡಿ ತಿರುವಿದ ಮೇಲೂ ಶವರ್ ತಲೆಯಲ್ಲಿ, ಅದರ ಬಾಗಿದ ಪೈಪಿನಲ್ಲಿ ಒಂದಿಷ್ಟು ನೀರು ಉಳಿದಿರುತ್ತದೆ. ಅದು ಸಣ್ಣ ರಂಧ್ರಗಳಲ್ಲಿ ಅಂಟಿಕೊಂಡು ನಿಂತು ನಿಧಾನವಾಗಿ ಇಳಿಯುತ್ತದೆ. ಹತ್ತು ಹದಿನೈದು ನಿಮಿಷದವರೆಗೆ ಹೀಗೆ ಆಗಾಗ ಹನಿಯುವುದು ಸಹಜ. ತಲೆ ದೊಡ್ಡದಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಹನಿಯುತ್ತದೆ. ಇದು ವಾಲ್ವಿನ ತಪ್ಪಲ್ಲ.

ಆದ್ದರಿಂದ ರಾತ್ರಿ ಯಾರೂ ಸ್ನಾನ ಮಾಡದ ಹೊತ್ತಿನಲ್ಲಿ ಶವರ್ ಅಡಿ ಒಂದು ಒಣ ಪಾತ್ರೆ ಇಡಿ. ಬೆಳಿಗ್ಗೆ ಅದರಲ್ಲಿ ಲೋಟಗಟ್ಟಲೆ ನೀರು ನಿಂತಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದರ್ಥ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಗಮನಿಸಿ. ಶವರ್ ತಲೆಯಿಂದಲೇ ಹನಿದರೆ ದೋಷ ವಾಲ್ವಿನ ಒಳಗೆ, ನೀರಿಗೆ ತಡೆ ಬೀಳುವ ಜಾಗದಲ್ಲಿದೆ. ಹಿಡಿಯ ಬುಡದಲ್ಲಿ ಒಸರುತ್ತಿದ್ದರೆ ಸ್ಪಿಂಡಲ್ (ಹಿಡಿ ಕೂರುವ, ವಾಲ್ವಿನೊಳಗೆ ಇಳಿಯುವ ಹಿತ್ತಾಳೆ ಭಾಗ) ಸುತ್ತಲಿನ ರಬ್ಬರ್ ಉಂಗುರ, ಅಂದರೆ ಓ-ರಿಂಗ್ ಸವೆದಿದೆ. ಶವರ್ ಬಿಟ್ಟಾಗ ಕೆಳಗಿನ ನಲ್ಲಿಯಿಂದಲೂ ನೀರು ಬರುತ್ತಿದ್ದರೆ ಅದು ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರಿನ ದೋಷ, ತೊಟ್ಟಿಕ್ಕುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗೋಡೆಯ ಆಚೆ ಬದಿಯಲ್ಲಿ ಬಣ್ಣ ಉಬ್ಬಿ ತೇವ ಕಾಣುತ್ತಿದ್ದರೆ ಸೋರಿಕೆ ಗೋಡೆಯೊಳಗಿನ ಜಾಯಿಂಟಿನಲ್ಲಿದೆ. ಕೆಳಗೆ ಹೇಳುವ ಯಾವ ಉಪಾಯವೂ ಅದಕ್ಕೆ ಸಾಲದು.

ಬಿಸಿಯ ಕಡೆಯೋ, ತಣ್ಣೀರಿನ ಕಡೆಯೋ?

ಬಹುಪಾಲು ಶವರ್‌ಗಳಿಗೆ ಬಿಸಿನೀರಿಗೊಂದು, ತಣ್ಣೀರಿಗೊಂದು ವಾಲ್ವ್ ಇರುತ್ತದೆ. ಎರಡೂ ಒಂದೇ ಪೈಪಿಗೆ ಸೇರಿ ಮೇಲೇರುವುದರಿಂದ ಹನಿ ನೋಡಿ ಯಾವುದೆಂದು ಹೇಳಲಾಗದು. ಕೈಯೊಡ್ಡಿ ನೋಡಿದರೂ ಪ್ರಯೋಜನ ಕಡಿಮೆ. ಹನಿಹನಿಯಾಗಿ ಬರುವಷ್ಟರಲ್ಲಿ ಬಿಸಿನೀರೂ ಪೈಪಿನಲ್ಲೇ ಆರಿರುತ್ತದೆ.

ಖಚಿತ ಪರೀಕ್ಷೆ ಹೀಗೆ. ಗೀಸರ್ ಸ್ವಿಚ್ ಆರಿಸಿ, ಗೀಸರಿಗೆ ತಣ್ಣೀರು ಹೋಗುವ ಆಂಗಲ್ ಕಾಕ್ ಮುಚ್ಚಿ. ಒಳಗೆ ನೀರು ಹೋಗದಿದ್ದರೆ ಹೊರಗೂ ಬರುವುದಿಲ್ಲ. ಅರ್ಧ ಗಂಟೆ ಕಳೆದು ಹನಿಯುವುದು ನಿಂತರೆ ದೋಷ ಬಿಸಿ ವಾಲ್ವಿನದು, ನಿಲ್ಲದಿದ್ದರೆ ತಣ್ಣೀರಿನದು. ಆಂಗಲ್ ಕಾಕ್ ಮತ್ತೆ ತೆರೆಯುವ ತನಕ ಗೀಸರ್ ಹಾಕಬಾರದು. ಸೋಲಾರ್ ಇರುವ ಮನೆಯಲ್ಲಿ ತಾರಸಿ ಮೇಲೆ ಬಿಸಿನೀರಿನ ಪೈಪಿಗಿರುವ ಗೇಟ್ ವಾಲ್ವ್ ಮುಚ್ಚಿ ಇದೇ ಪರೀಕ್ಷೆ ಮಾಡಬಹುದು.

ಒಂದೇ ಹಿಡಿಯನ್ನು ಎಡಬಲಕ್ಕೆ ಸರಿಸಿ ಬಿಸಿ ತಣ್ಣಗೆ ಹೊಂದಿಸುವ ಸಿಂಗಲ್ ಲಿವರ್ ಆಗಿದ್ದರೆ ಈ ಪರೀಕ್ಷೆ ಬೇಕಿಲ್ಲ. ಅದರಲ್ಲಿ ಎರಡನ್ನೂ ತಡೆಯುವುದು ಹಿಡಿಯ ಅಡಿ ಕೂರುವ ಒಂದೇ ಬಿಡಿಭಾಗ, ಅದನ್ನು ಕಾರ್ಟ್ರಿಜ್ ಎನ್ನುತ್ತಾರೆ.

ಗೋಡೆಯಲ್ಲಿರುವುದು ಯಾವ ಬಗೆ?

ಹಿಡಿಯನ್ನು ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆದು ನೋಡಿ. ಮೂರು ನಾಲ್ಕು ಸುತ್ತು ತಿರುಗಿದರೆ ಅದು ಹಳೆಯ ರಬ್ಬರ್ ವಾಷರ್ ಬಗೆ. ಕಾಲು ಸುತ್ತಿಗೇ ಠಕ್ಕನೆ ನಿಂತರೆ ಸೆರಾಮಿಕ್ ಡಿಸ್ಕ್ ಇರುವ ಕ್ವಾರ್ಟರ್ ಟರ್ನ್. ಈಚಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮೂರನೆಯದು ಮೇಲೆ ಹೇಳಿದ ಸಿಂಗಲ್ ಲಿವರ್.

ರಬ್ಬರ್ ವಾಷರ್ ಬಗೆಯಲ್ಲಿ ಹಿತ್ತಾಳೆಯ ಒಂದು ದುಂಡು ಅಂಚು ಇರುತ್ತದೆ, ಅದನ್ನು ಸೀಟ್ ಎನ್ನುತ್ತಾರೆ. ಹಿಡಿ ತಿರುವಿದಂತೆ ಸ್ಪಿಂಡಲ್ ಕೆಳಗಿಳಿದು ತನ್ನ ತುದಿಯ ರಬ್ಬರನ್ನು ಈ ಸೀಟಿನ ಮೇಲೆ ಒತ್ತುತ್ತದೆ. ರಬ್ಬರ್ ಮೆತ್ತಗಿರುವ ತನಕ ಸಣ್ಣ ಒತ್ತಡಕ್ಕೇ ನೀರು ನಿಲ್ಲುತ್ತದೆ. ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತದೆ, ಸೀಟಿನ ಅಚ್ಚು ಅದರ ಮೇಲೆ ಉಂಗುರದಂತೆ ಮೂಡುತ್ತದೆ. ಆಗ ಜೋರಾಗಿ ತಿರುವಿದರೆ ಉಂಗುರ ಇನ್ನೂ ಆಳವಾಗುತ್ತದೆ, ಕೊನೆಗೆ ರಬ್ಬರ್ ಸೀಳುತ್ತದೆ. ಬಿಗಿ ಮಾಡಿದರೆ ಎರಡು ದಿನ ನಿಂತು ಮತ್ತೆ ಸೋರುವುದು ಇದಕ್ಕೇ. ಬಿಸಿನೀರಿನ ಕಡೆಯ ವಾಷರ್ ಮೊದಲು ಕೆಡುವುದು ಶಾಖಕ್ಕೆ; ಸೋಲಾರ್ ನೀರು ಬಿಸಿಲಿನ ದಿನಗಳಲ್ಲಿ 60 ಡಿಗ್ರಿ ದಾಟುವುದು ಸಾಮಾನ್ಯ.

ಕ್ವಾರ್ಟರ್ ಟರ್ನ್ ಒಳಗೆ ಒತ್ತುವ ವ್ಯವಹಾರವೇ ಇಲ್ಲ. ಬೀಸುಕಲ್ಲಿನ ಹಾಗೆ ಎರಡು ಬಿಲ್ಲೆ ಒಂದರ ಮೇಲೊಂದು ಕೂತಿರುತ್ತವೆ: ಕೆಳಗಿನದು ಕದಲುವುದಿಲ್ಲ, ಮೇಲಿನದು ಹಿಡಿಯ ಜೊತೆ ತಿರುಗುತ್ತದೆ. ಎರಡಕ್ಕೂ ಕಿಂಡಿಗಳಿವೆ. ಕಿಂಡಿಗೆ ಕಿಂಡಿ ಸೇರಿದರೆ ನೀರು ಬರುತ್ತದೆ, ಕಿಂಡಿ ಮೇಲೆ ಬಿಲ್ಲೆಯ ಮೈ ಬಂದರೆ ನಿಲ್ಲುತ್ತದೆ. ಈ ಬಿಲ್ಲೆಗಳು ಅಲ್ಯುಮಿನಾ ಎಂಬ ಪಿಂಗಾಣಿಯವು, ಕನ್ನಡಿಯಂತೆ ಉಜ್ಜಿ ನಯ ಮಾಡಿದವು. ಮರಳಿಗಿಂತ ಗಟ್ಟಿಯಾದ್ದರಿಂದ ಸುಲಭಕ್ಕೆ ಸವೆಯುವುದಿಲ್ಲ. ಆದರೆ ನಡುವೆ ಒಂದು ಹರಳು ಸಿಕ್ಕಿಕೊಂಡರೆ, ಇಲ್ಲವೇ ಉಪ್ಪಿನ ಪೊರೆ ಕಟ್ಟಿದರೆ ಎರಡೂ ಪೂರ್ತಿ ಕೂಡುವುದಿಲ್ಲ. ಹರಳಿದ್ದಾಗಲೇ ಬಲವಂತವಾಗಿ ತಿರುವಿದರೆ ಅಂಚು ಚಕ್ಕೆ ಏಳುತ್ತದೆ. ಈ ಬಗೆಯನ್ನು ಬಿಗಿ ಮಾಡುವುದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಕಾಲು ಸುತ್ತಿಗೆ ಅದರ ಕೆಲಸ ಮುಗಿಯಿತು, ಆಮೇಲೆ ನೀವು ಹಾಕುವ ಬಲವೆಲ್ಲ ಹಿಡಿಯನ್ನು ಮುರಿಯುವುದಕ್ಕೆ.

ನಮ್ಮ ನೀರಿನ ಪಾಲು

ದಾವಣಗೆರೆಗೆ ಬರುವುದು ತುಂಗಭದ್ರಾ ಹೊಳೆಯ ನೀರು ಮತ್ತು ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿಕೊಂಡ ನೀರು. ಚಿತ್ರದುರ್ಗ ನಗರಕ್ಕೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರದ ಆಸರೆ. ಹೊಳೆ, ಕೆರೆಯ ನೀರು ಸಾಮಾನ್ಯವಾಗಿ ಕೊಳವೆಬಾವಿ ನೀರಿಗಿಂತ ಮೆದು. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಇವು ಹೆಚ್ಚಾದರೆ ಗಡಸು ನೀರು, ಆಡುಮಾತಿನಲ್ಲಿ ಸವಳು ನೀರು. ಸೋಪು ನೊರೆ ಬರದಿದ್ದರೆ, ಬಕೆಟ್ ಅಂಚಿನಲ್ಲಿ ಬಿಳಿ ಗೆರೆ ಕಟ್ಟಿದರೆ ನಿಮ್ಮದು ಅಂಥದ್ದೇ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದಾಗ 600ರ ತನಕ ನಡೆಯುತ್ತದೆ. 600 ಎಂದರೆ 20 ಲೀಟರ್ ಬಕೆಟ್ಟಿನಲ್ಲಿ 12 ಗ್ರಾಂ. ಅಷ್ಟೂ ಪೊರೆಯಾಗಿ ಕೂರುವುದಿಲ್ಲ. ಆದರೆ ಕಾಯಿಸಿದಾಗ ಅದರಲ್ಲೊಂದು ಪಾಲು ಸುಣ್ಣವಾಗಿ ಬೇರ್ಪಟ್ಟು ಗೀಸರ್ ಕಾಯಿಲ್ ಮೇಲೆ, ಬಿಸಿನೀರಿನ ವಾಲ್ವ್ ಒಳಗೆ ಅಂಟಿಕೊಳ್ಳುತ್ತದೆ. ಚಿತ್ರದುರ್ಗದ ಕೊಳವೆಬಾವಿ ಎಂದೊಡನೆ ಎಲ್ಲರಿಗೂ ಫ್ಲೋರೈಡ್ ನೆನಪಾಗುತ್ತದೆ. ಅದು ಹಲ್ಲು, ಮೂಳೆಯ ವಿಷಯ. ವಾಲ್ವಿಗೆ ಅದರಿಂದ ತೊಂದರೆಯಿಲ್ಲ.

ಇನ್ನೊಂದು ಕಾರಣ, ನೀರು ಬಿಟ್ಟು ಬಿಟ್ಟು ಬರುವುದು. ಕೆಲವು ದಿನ ಬರಿದಾಗಿದ್ದ ಕೊಳವೆಗೆ ಒಮ್ಮೆಲೇ ನೀರು ನುಗ್ಗಿದಾಗ ತಳದ ತುಕ್ಕು, ಮರಳು ಎದ್ದು ಮೊದಲ ನೀರಿನ ಜೊತೆ ಸಂಪಿಗೆ ಇಳಿಯುತ್ತದೆ. ಮೊದಲ ಐದು ನಿಮಿಷದ ನೀರನ್ನು ಗಿಡಕ್ಕೆ ಬಿಟ್ಟು ಆಮೇಲೆ ಸಂಪಿಗೆ ತಿರುಗಿಸುವ ಮನೆಗಳಲ್ಲಿ ವಾಲ್ವ್ ಹೆಚ್ಚು ದಿನ ಬಾಳುತ್ತದೆ.

ಬೇಕಾದ ಸಾಮಾನು

ದೊಡ್ಡ ಸ್ಕ್ರೂ ಸ್ಪ್ಯಾನರ್, ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂಡ್ರೈವರ್, 2.5 ಮತ್ತು 3 ಮಿಲಿಮೀಟರಿನ ಅಲೆನ್ ಕೀ, ಟಾರ್ಚ್, ಹಳೆಯ ಹಲ್ಲುಜ್ಜುವ ಬ್ರಷ್, ಟೆಫ್ಲಾನ್ ಟೇಪು, ಸಿಲಿಕೋನ್ ಗ್ರೀಸ್. ಪೊರೆ ಕರಗಿಸಲು ಬಿಳಿ ವಿನೆಗರ್ ಅಥವಾ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಗೋಡೆಯೊಳಗೆ ಆಳವಾಗಿ ಕೂತ ಸ್ಪಿಂಡಲ್ಲಿಗೆ ಸಾಮಾನ್ಯ ಸ್ಪ್ಯಾನರ್ ತಲುಪದು, ಅದಕ್ಕೆ ಕೊಳವೆಯಾಕಾರದ ಬಾಕ್ಸ್ ಸ್ಪ್ಯಾನರ್ ಬೇಕು. ಗ್ರೀಸ್ ಬದಲು ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇದೆ. ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಹಾಳಾಗುತ್ತದೆ, ಬೇಡ.

ನೀರು ನಿಲ್ಲಿಸುವುದು

ತಾರಸಿ ಟ್ಯಾಂಕಿನಿಂದ ಬಾತ್‌ರೂಮಿಗೆ ಇಳಿಯುವ ಪೈಪಿನ ಗೇಟ್ ವಾಲ್ವ್ ಮುಚ್ಚಿ. ಗೀಸರ್ ಸ್ವಿಚ್ ಆರಿಸಿ ಅದರ ಆಂಗಲ್ ಕಾಕ್ ಮುಚ್ಚಿ. ಸೋಲಾರ್ ಇದ್ದರೆ ಅದರ ಬಿಸಿನೀರಿನ ವಾಲ್ವ್ ಕೂಡ. ಆಮೇಲೆ ಬಾತ್‌ರೂಮಿನ ಅತಿ ಕೆಳಗಿನ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಡಿ. ಸೋಲಾರ್ ಪೈಪಿನಲ್ಲಿ ಉಳಿದ ನೀರು ಕೈ ಸುಡುವಷ್ಟು ಬಿಸಿ ಇರಬಹುದು, ಎಚ್ಚರ.

ಹಳೆ ಗೇಟ್ ವಾಲ್ವ್ ಪೂರ್ತಿ ಮುಚ್ಚುತ್ತದೆ ಎಂದು ನಂಬುವ ಹಾಗಿಲ್ಲ. ಹತ್ತು ನಿಮಿಷವಾದರೂ ನಲ್ಲಿಯಲ್ಲಿ ಸಣ್ಣ ಧಾರೆ ನಿಲ್ಲದಿದ್ದರೆ ಸ್ಪಿಂಡಲ್ ಬಿಚ್ಚಬೇಡಿ. ಟ್ಯಾಂಕಿನ ತೂತಿಗೆ ಬಟ್ಟೆ ತುರುಕುವುದೂ ಬೇಡ, ಅದು ಪೈಪಿನೊಳಗೆ ಎಳೆದುಕೊಂಡು ಹೋದರೆ ಇನ್ನೊಂದು ತಾಪತ್ರಯ. ನೀರು ಸಂಪಿನಲ್ಲಿದ್ದರೆ ಸಾಕು. ಮೋಟರ್ ಹಾಕದೆ ಟ್ಯಾಂಕ್ ಬರಿದಾಗುವ ತನಕ ಬಳಸಿ, ಆಮೇಲೆ ಕೆಲಸ ಶುರು ಮಾಡಿ.

ಒತ್ತಡದ ಬಗ್ಗೆ ಭಯ ಬೇಡ. ನೀರಿನ ಮಟ್ಟ ಹತ್ತು ಮೀಟರ್ ಮೇಲಿದ್ದರೆ ಒತ್ತಡ ಸುಮಾರು 1 ಬಾರ್. ಮಾಮೂಲಿ ಮನೆಯಲ್ಲಿ ಶವರಿಗೂ ಟ್ಯಾಂಕಿಗೂ ಮೂರರಿಂದ ಆರು ಮೀಟರ್ ಅಂತರ ಅಷ್ಟೆ. ಪ್ರೆಷರ್ ಪಂಪ್ ಇರುವವರು ಮಾತ್ರ ಮೊದಲು ಅದರ ಸ್ವಿಚ್ ಆರಿಸಿ, ನಲ್ಲಿ ತೆರೆದು ಒತ್ತಡ ಇಳಿಸಿಕೊಳ್ಳಬೇಕು.

ಬಿಚ್ಚುವುದು

ನೆಲದ ಜಾಲರಿ ಮೇಲೆ ಬಟ್ಟೆ ಹಾಸಿ. ಸಣ್ಣ ಸ್ಕ್ರೂ ಮೋರಿಗೆ ಬಿದ್ದರೆ ಅರ್ಧ ದಿನ ಹೋಯಿತು. ಹಿಡಿಯ ಮೇಲಿನ ಕೆಂಪು ಅಥವಾ ನೀಲಿ ಬಿಲ್ಲೆಯನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಒಳಗೆ ಸ್ಕ್ರೂ ಕಾಣುತ್ತದೆ. ಕೆಲವು ಮಾದರಿಯಲ್ಲಿ ಅದು ಹಿಡಿಯ ಅಡಿ ಬದಿಯಲ್ಲಿ ಇರುತ್ತದೆ, ಅಲೆನ್ ಕೀ ಬೇಕು. ಸ್ಕ್ರೂ ತೆಗೆದ ಮೇಲೂ ಹಿಡಿ ಬರದಿದ್ದರೆ ಉಪ್ಪು ಕಚ್ಚಿಕೊಂಡಿದೆ. ಬಿಸಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಕಾಲು ಗಂಟೆ ಸುತ್ತಿಡಿ, ಆಮೇಲೆ ಅಲುಗಾಡಿಸುತ್ತ ಎಳೆಯಿರಿ. ಸುತ್ತಿಗೆಯಿಂದ ಬಡಿಯುವುದು ಸಲ್ಲದು.

ಅಲಂಕಾರದ ದುಂಡು ತಟ್ಟೆ, ಅದರೊಳಗಿನ ಕೊಳವೆ ಕೈಯಲ್ಲೇ ತಿರುಗಿ ಬರುತ್ತವೆ. ಈಗ ಹಿತ್ತಾಳೆಯ ಸ್ಪಿಂಡಲ್ ಕಾಣುತ್ತದೆ, ಅದರ ಸುತ್ತ ಆರು ಮೂಲೆಯ ನಟ್ಟಿನ ಅಂಚು. ರಬ್ಬರ್ ಬಗೆಯಾದರೆ ಸ್ಪಿಂಡಲನ್ನು ಅರ್ಧ ತೆರೆದ ಸ್ಥಿತಿಯಲ್ಲಿಟ್ಟು ಬಿಚ್ಚಿ. ಮುಚ್ಚಿದ ಸ್ಥಿತಿಯಲ್ಲಿ ಬಿಚ್ಚಿದರೆ ವಾಷರ್ ಸೀಟಿನ ಮೇಲೆ ಉಜ್ಜುತ್ತದೆ. ಸ್ಪ್ಯಾನರ್ ಬಾಯಿಯನ್ನು ನಟ್ಟಿಗೆ ಸರಿಯಾಗಿ ಕೂರಿಸಿ ಗಡಿಯಾರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿ.

ಇಡೀ ಕೆಲಸದಲ್ಲಿ ಅಪಾಯದ ಜಾಗ ಇದೇ. ವಾಲ್ವಿನ ಮೈ ಗೋಡೆಯೊಳಗೆ ಹೆಚ್ಚಾಗಿ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ ಜೋಡಿಸಿರುತ್ತದೆ. ನಟ್ಟಿನ ಬದಲು ಮೈಯೇ ತಿರುಗಿದರೆ ಗೋಡೆಯೊಳಗಿನ ಜಾಯಿಂಟ್ ಒಡೆಯುತ್ತದೆ, ಆಮೇಲೆ ಟೈಲ್ಸ್ ಕೀಳದೆ ದಾರಿಯಿಲ್ಲ. ಗೋಡೆಗಂಟಿದ ಭಾಗ ಒಂದು ಕೂದಲೆಳೆಯಷ್ಟು ಕದಲಿದ್ದು ಕಂಡರೂ ಅಲ್ಲಿಗೇ ನಿಲ್ಲಿಸಿ. ಗೋಡೆಯ ಹೊರಗಿರುವ ವಾಲ್ ಮಿಕ್ಸರ್ ಆದರೆ ಒಂದು ಕೈಯಲ್ಲಿ ಮಿಕ್ಸರ್ ಮೈಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಬಿಚ್ಚಬೇಕು.

ರಬ್ಬರ್ ವಾಷರ್ ಬದಲಿಸುವುದು

ಸ್ಪಿಂಡಲ್ ತುದಿಯ ಪುಟ್ಟ ನಟ್ಟು ಬಿಚ್ಚಿ ಹಳೆ ವಾಷರ್ ತೆಗೆದು, ಅಷ್ಟೇ ಅಗಲ, ಅಷ್ಟೇ ದಪ್ಪದ ಹೊಸದು ಹಾಕಿ. ದಪ್ಪ ಹೆಚ್ಚಾದರೆ ಹಿಡಿ ಪೂರ್ತಿ ಮುಚ್ಚುವ ಮೊದಲೇ ಬಿಗಿಯಾಗುತ್ತದೆ. ಜೊತೆಗೆ ಸ್ಪಿಂಡಲ್ ಮೇಲಿನ ಓ-ರಿಂಗನ್ನೂ ಬದಲಿಸಿಬಿಡಿ, ಐದು ನಿಮಿಷದ ಕೆಲಸ.

ಹೊಸ ವಾಷರ್ ಹಾಕಿಯೂ ತೊಟ್ಟಿಕ್ಕಿದರೆ ಸೀಟ್ ನೋಡಬೇಕು. ಟಾರ್ಚ್ ಬಿಟ್ಟು, ಬೆರಳ ತುದಿಯಿಂದ ಅಂಚನ್ನು ಸವರಿ. ನಯವಾಗಿರಬೇಕು. ಗೀಚು, ಗುಳಿ ತಗುಲಿದರೆ ಎಷ್ಟು ವಾಷರ್ ಬದಲಿಸಿದರೂ ವ್ಯರ್ಥ. ಸೀಟ್ ಕಟರ್ ಎಂಬ ಕೈ ಉಪಕರಣದಿಂದ ಅದನ್ನು ಒಂದೆರಡು ಸುತ್ತು ತೇಯ್ದು ಸಮ ಮಾಡಬಹುದು.

ಕ್ವಾರ್ಟರ್ ಟರ್ನ್ ಸ್ಪಿಂಡಲ್

ಬಿಚ್ಚಿದ ಸ್ಪಿಂಡಲಿನ ಬುಡ ನೋಡಿ. ಬಿಳಿ ಪೊರೆ, ಮರಳಿನ ಕಣ ಕಂಡರೆ ಮೊದಲು ತೊಳೆದು ನೋಡಬಹುದು. ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ, ಅಥವಾ ವಿನೆಗರ್ ತೆಗೆದುಕೊಂಡು, ಅರ್ಧ ಗಂಟೆ ಅದ್ದಿಡಿ. ಗುಳ್ಳೆ ಏಳುವುದು ಸುಣ್ಣ ಕರಗುತ್ತಿರುವ ಗುರುತು. ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚಾಕುವಿನಿಂದ ಕೆರೆಯುವುದು, ಸ್ಯಾಂಡ್ ಪೇಪರ್ ತಿಕ್ಕುವುದು ಬಿಲ್ಲೆಯ ನಯವನ್ನು ಕೆಡಿಸುತ್ತವೆ. ಬುಡದ ರಬ್ಬರ್ ಉಂಗುರ ಹಪ್ಪಳದಂತೆ ಚಪ್ಪಟೆಯಾಗಿದ್ದರೆ ಹೊಸದು ಬೇಕು.

ಬಾತ್‌ರೂಮ್ ತೊಳೆಯುವ ಆ್ಯಸಿಡ್ ಇದಕ್ಕೆ ಬಳಸಲೇಬಾರದು. ಅದು ಸುಣ್ಣದ ಜೊತೆ ಕ್ರೋಮ್ ಹೊಳಪನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ವಿನೆಗರ್, ಆ್ಯಸಿಡ್ ಯಾವುದನ್ನೂ ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ, ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ತೊಳೆದರೂ ಸೋರಿದರೆ ಬಿಲ್ಲೆಯ ಅಂಚು ಚಕ್ಕೆ ಎದ್ದಿದೆ ಎಂದುಕೊಂಡು ಇಡೀ ಸ್ಪಿಂಡಲ್ ಬದಲಿಸುವುದೇ ಮೇಲು. ಬಿಲ್ಲೆ ಮಾತ್ರ ಹುಡುಕುತ್ತ ಅಲೆಯುವುದು ಬೇಡ.

ಸಿಂಗಲ್ ಲಿವರ್

ಹಿಡಿ, ಅದರಡಿಯ ಗುಮ್ಮಟ ತೆಗೆದರೆ ಒಂದು ಹಿತ್ತಾಳೆ ರಿಂಗ್ ನಟ್ ಕಾರ್ಟ್ರಿಜ್ಜನ್ನು ಒತ್ತಿ ಹಿಡಿದಿರುತ್ತದೆ. ಕಾರ್ಟ್ರಿಜ್ ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಗಲದ್ದು. ಅದರ ತಳದಲ್ಲಿ ಬಿಸಿ, ತಣ್ಣಗೆ, ಹೊರದಾರಿ ಎಂದು ಮೂರು ಕಿಂಡಿ, ಸುತ್ತ ರಬ್ಬರ್. ಜೊತೆಗೆ ಎರಡು ಸಣ್ಣ ಮೊಳೆ. ಮೊಳೆಗಳು ಮೈಯಲ್ಲಿನ ಗುಳಿಗಳಿಗೆ ಸರಿಯಾಗಿ ಇಳಿದ ಮೇಲೆಯೇ ನಟ್ ಬಿಗಿ ಮಾಡಬೇಕು. ಓರೆಯಾಗಿ ಕೂತರೆ ಹೊಸ ಕಾರ್ಟ್ರಿಜ್ಜೂ ಮೊದಲ ದಿನವೇ ಸೋರುತ್ತದೆ. ನಟ್ ತೀರಾ ಬಿಗಿಯಾದರೆ ಹಿಡಿ ಆಡುವುದೇ ಕಷ್ಟ.

ಅಂಗಡಿಗೆ ಹೋಗುವಾಗ

ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ‘ಅರ್ಧ ಇಂಚಿನ ಸ್ಪಿಂಡಲ್ ಕೊಡಿ’ ಎಂದರೆ ಕೌಂಟರ್ ಮೇಲೆ ಹತ್ತು ಬಗೆ ಬಂದು ಬೀಳುತ್ತವೆ. ಜಾಕ್ವಾರ್, ಹಿಂದ್‌ವೇರ್, ಪ್ಯಾರಿವೇರ್, ಸೆರಾ ಎಲ್ಲವುಗಳ ಸ್ಪಿಂಡಲ್ ಮೇಲ್ನೋಟಕ್ಕೆ ಒಂದೇ, ಅಳತೆ ಬೇರೆ ಬೇರೆ. ಹೋಲಿಸಬೇಕಾದದ್ದು ಇಷ್ಟು: ಮರೆಯ (ಸ್ಕ್ರೂವಿನಂತೆ ಸುತ್ತಿದ ಗೆರೆಗಳಿರುವ ಭಾಗದ) ಅಗಲ, ಒಟ್ಟು ಉದ್ದ, ಹಿಡಿ ಕೂರುವ ತುದಿಯಲ್ಲಿನ ಹಲ್ಲುಗಳ ಸಂಖ್ಯೆ, ಮುಚ್ಚುವ ದಿಕ್ಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಕೆಲವು ಜೋಡಿಗಳಲ್ಲಿ ಬಿಸಿಯದು ಬಲಕ್ಕೆ, ತಣ್ಣೀರಿನದು ಎಡಕ್ಕೆ ಮುಚ್ಚುತ್ತದೆ. ಅದಲು ಬದಲಾದರೆ ಹಿಡಿ ಉಲ್ಟಾ ತಿರುಗುತ್ತದೆ.

ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಂದದಿದ್ದರೆ ಆ ಬ್ರ್ಯಾಂಡಿನ ಮಾರಾಟಗಾರರಲ್ಲೇ ಕೇಳಿ. ಫಿಟ್ಟಿಂಗಿಗೆ ವಾರಂಟಿ ಇನ್ನೂ ಉಳಿದಿದ್ದರೆ ಬಿಚ್ಚುವ ಮೊದಲೇ ಬಿಲ್ ಹುಡುಕಿಟ್ಟುಕೊಳ್ಳುವುದು ಜಾಣತನ.

ಜೋಡಿಸಿ ನೀರು ಬಿಡುವಾಗ

ವಾಲ್ವಿನ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗೇಟ್ ವಾಲ್ವನ್ನು ಒಂದೆರಡು ಸೆಕೆಂಡ್ ಮಾತ್ರ ತೆರೆದು ಒಳಗಿನ ಕಸ ಹೊರಚಿಮ್ಮಲು ಬಿಟ್ಟು ಮತ್ತೆ ಮುಚ್ಚಿ. ಇದಕ್ಕೆ ತಾರಸಿಯಲ್ಲೊಬ್ಬರು, ಕೆಳಗೆ ಬಕೆಟ್ ಹಿಡಿದು ಒಬ್ಬರು ಬೇಕು. ಓ-ರಿಂಗಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಸ್ಪಿಂಡಲನ್ನು ಮೊದಲು ಕೈಯಲ್ಲೇ ತಿರುಗಿಸಿ. ಮೂರು ಸುತ್ತಾದರೂ ಸಲೀಸಾಗಿ ಹೋಗಬೇಕು. ಮೊದಲ ಸುತ್ತಿನಲ್ಲೇ ಬಿಗಿಯಾದರೆ ಮರೆ ಓರೆಯಾಗಿದೆ, ತೆಗೆದು ಮತ್ತೆ ಕೂರಿಸಿ. ಕೊನೆಗೆ ಸ್ಪ್ಯಾನರ್‌ನಿಂದ ಕಾಲು ಸುತ್ತು ಸಾಕು. ಇಲ್ಲಿ ನೀರು ತಡೆಯುವುದು ರಬ್ಬರ್ ಉಂಗುರ, ಆದ್ದರಿಂದ ಸ್ಪಿಂಡಲ್ ಮರೆಗೆ ಟೆಫ್ಲಾನ್ ಸುತ್ತಬೇಕಿಲ್ಲ. ಟೇಪು ಬೇಕಾಗುವುದು ಶವರ್ ತಲೆ ಬಿಚ್ಚಿ ತೊಳೆದಿದ್ದರೆ, ಅದರ ಮರೆಗೆ.

ಗೇಟ್ ವಾಲ್ವ್ ನಿಧಾನವಾಗಿ ತೆರೆಯಿರಿ, ಕೆಳಗಿನ ನಲ್ಲಿ ತೆರೆದೇ ಇರಲಿ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ನೀರು ಸಮವಾಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ತುಂಬು ಧಾರೆ ಬಂದ ನಂತರವೇ ಗೀಸರ್ ಸ್ವಿಚ್ ಹಾಕಿ. ಹಿಡಿ ಜೋಡಿಸುವ ಮೊದಲು ಸ್ಪಿಂಡಲ್ ಬುಡಕ್ಕೆ ಒಣ ಕಾಗದ ಒತ್ತಿ ನೋಡಿ, ಒದ್ದೆಯಾದರೆ ಇನ್ನೊಂದು ಚೂರು ಬಿಗಿ ಬೇಕು. ರಾತ್ರಿ ಮತ್ತೆ ಒಣ ಪಾತ್ರೆ ಇಟ್ಟು ನೋಡಿ.

ಪ್ಲಂಬರ್‌ಗೇ ಬಿಡಬೇಕಾದವು

ವಾಲ್ವಿನ ಮೈ ಗೋಡೆಯಲ್ಲಿ ಅಲುಗುತ್ತಿದ್ದರೆ, ನಟ್ಟಿನ ಮೂಲೆಗಳು ಸವೆದು ಸ್ಪ್ಯಾನರ್ ಜಾರುತ್ತಿದ್ದರೆ, ಒಳಮರೆ ತುಂಡಾಗಿದ್ದರೆ, ಗೋಡೆಯ ಹಿಂದೆ ತೇವ ಇದ್ದರೆ ಕೈ ಹಾಕಬೇಡಿ. ತಾರಸಿಯ ಗೇಟ್ ವಾಲ್ವೇ ಕೆಟ್ಟಿದ್ದರೆ ಅದನ್ನೂ ಅದೇ ದಿನ ಬದಲಿಸಿಕೊಳ್ಳಿ. ಅದರ ಜಾಗಕ್ಕೆ ಬಾಲ್ ವಾಲ್ವ್ ಹಾಕಿಸಿ, ಆರು ತಿಂಗಳಿಗೊಮ್ಮೆ ಮುಚ್ಚಿ ತೆರೆದರೆ ಉಪ್ಪು ಕಚ್ಚಿಕೊಂಡು ಜಾಮ್ ಆಗುವುದಿಲ್ಲ.